ಗಾಳಿಗೆ ಹೋಗುವ ಕೋಳಿ ಗೊಬ್ಬರ

‘ತಿಪ್ಪಿ ದಿನಾ ತಿರುವ್ರಿ, ಗಾಳಿ ಎಷ್ಟ ಆಡತೈತಿ ಅಷ್ಟ ಛಲೋ.’ ಸುಳ್ಳ ಊರಿನ ಕಟ್ಟೆಯಿಂದ ಹುಬ್ಬಳ್ಳಿ ಎಪಿಎಂಸಿವರೆಗೆ ಕೋಳಿ ಗೊಬ್ಬರದ ಮಾತು ತೆಗೆದರೆ ಸಿಗುವ ಉಪದೇಶ ಇದೊಂದೇ. ಗಾಳಿ ಬೇಕು, ಒಪ್ಪೋಣ. ಎಷ್ಟು ಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕೋಳಿ ಹಿಕ್ಕೆಯ ಸಾರಜನಕದಲ್ಲಿ ಬಹುಪಾಲು ಯೂರಿಕ್ ಆಮ್ಲದ ರೂಪದಲ್ಲಿರುತ್ತದೆ. ತೇವ ತಗುಲಿದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡುತ್ತವೆ. ರಾಶಿ ಮೊದಲೇ ಕ್ಷಾರ, ಒಳಗೆ 60 ಡಿಗ್ರಿ ಕಾವು. ಇಂಥ ಹೊತ್ತಿನಲ್ಲಿ ದಿನಾ ಸಲಿಕೆ ಹಾಕಿದರೆ ಅನಿಲವಾಗಿ ಹಾರಲು ಅಮೋನಿಯಾಕ್ಕೆ ನಾವೇ ಬಾಗಿಲು ತೆಗೆದುಕೊಟ್ಟಂತೆ. ಮೇಲಾಗಿ ಅತಿ ಗಾಳಿಗೆ ರಾಶಿ ಒಣಗಿ ತಣ್ಣಗಾಗುತ್ತದೆ, ಕೊಳೆಯುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಲೆಕ್ಕ ಹಾಕಿ: ಒಂದು ಟನ್ ಒಣ ಕೋಳಿ ಗೊಬ್ಬರದಲ್ಲಿ ಶೇ 3ರಷ್ಟು ಸಾರಜನಕವಿದ್ದರೆ 30 ಕೆಜಿ. ಅರ್ಧ ಹಾರಿದರೆ 15 ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿರುವ ಸಾರಜನಕದ ಹತ್ತಿರಹತ್ತಿರ ಮುಕ್ಕಾಲು ಪಾಲು ಅದು! ಗೊಬ್ಬರದ ಅಂಗಡಿ ಮುಂದೆ ಪಾಳಿ ಹಚ್ಚುವವರೇ ಅದನ್ನು ಪುಕ್ಕಟೆ ಗಾಳಿಗೆ ತೂರುತ್ತಾರೆ.

ಹಾಗಂತ ತುಳಿದು ಬಿಗಿ ಮಾಡಿ ಬಿಟ್ಟರೆ? ಆಮ್ಲಜನಕ ಸಿಗದೆ ಮೀಥೇನ್ ಹುಟ್ಟುತ್ತದೆ, ಕೊಳೆತ ತತ್ತಿಯ ನಾತ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಕಾಯಿಸುವುದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು. ಅಲ್ಲಲ್ಲಿ ಗಾಳಿ, ಅಲ್ಲಲ್ಲಿ ಕೆಸರು ಎಂಬಂತಿರುವ ರಾಶಿಯಲ್ಲಿ ಹುಟ್ಟುವ ನೈಟ್ರಸ್ ಆಕ್ಸೈಡ್ ಸುಮಾರು 270 ಪಟ್ಟು.

ಹಾಗಾದರೆ ದಾರಿ? ಕೋಳಿ ಹಿಕ್ಕೆಗೆ ಕೊರತೆ ಇರುವುದು ಇಂಗಾಲದ್ದು. ಇಂಗಾಲ-ಸಾರಜನಕದ ಪ್ರಮಾಣ ಅದರಲ್ಲಿ 10ರ ಆಸುಪಾಸು. ಬೇಕಾದ್ದು 25ರಿಂದ 30. ಶೇಂಗಾ ಹೊಟ್ಟು, ಜೋಳದ ಕಣಿಕೆ, ತುಂಡು ಮಾಡಿದ ಹತ್ತಿಕಟ್ಟಿಗೆ ಬೆರೆಸಿ. ಸಂದಿಯಲ್ಲಿ ಗಾಳಿ ತಾನೇ ಆಡುತ್ತದೆ, ಇಂಗಾಲ ಉಂಡ ಸೂಕ್ಷ್ಮಜೀವಿಗಳು ಸಾರಜನಕವನ್ನು ಮೈಯೊಳಗೆ ಹಿಡಿದಿಡುತ್ತವೆ. ಕಬ್ಬಿಣದ ಸಲಾಕೆ ರಾಶಿಯ ನಡುವಿಗೆ ತೂರಿ ಐದು ನಿಮಿಷ ಬಿಟ್ಟು ಹಿರಿಯಿರಿ. ಹಿಡಿಯಲಾಗದಷ್ಟು ಸುಟ್ಟರೆ ತಿರುವುವ ಗೊಡವೆಗೆ ಹೋಗಬೇಡಿ. ಕಾವು ಇಳಿದ ಮೇಲೆ ತಿರುವಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ‘ಘಾಟು ಜೋರಿದ್ದರೆ ಕಸುವು ಜಾಸ್ತಿ’: ಮೂಗಿಗೆ ಬಡಿದ ಸಾರಜನಕ ಬೆಳೆಗೆ ಸಿಗುವುದಿಲ್ಲ. ‘ವಾಸನೆ ಇಲ್ಲ, ಅಂದಮೇಲೆ ಅನಿಲವೂ ಇಲ್ಲ’: ಮೀಥೇನ್‌ಗೆ ವಾಸನೆಯೇ ಇಲ್ಲ. ‘ತಾಡಪತ್ರಿ ಹೊದಿಸಿದರೆ ಮುಗೀತು’: ಮಳೆಗೆ ಸರಿ, ಒಳಗೆ ಉಸಿರುಗಟ್ಟಿದರೆ ಮತ್ತೆ ಮೀಥೇನೇ.

ವಾಟ್ಸಾಪ್‌ನಲ್ಲಿ ಯಾರೋ ತಿಪ್ಪೆ ಮುಂದೆ ನಿಂತು ಕೈ ಬೀಸಿದರೆ ವೇದವಾಕ್ಯ. ಧಾರವಾಡದಲ್ಲಿ 1986ರಿಂದ ಇರುವ ಕೃಷಿ ವಿಶ್ವವಿದ್ಯಾಲಯ ಮಾತ್ರ ದೂರ! ಹಾಲು ಕೊಳ್ಳುವಾಗ ನೀರು ಬೆರೆಸಿದ್ದಾರೋ ಎಂದು ಹತ್ತು ಸಲ ನೋಡುವ ನಾವು ಗೊಬ್ಬರದ ಮಾತನ್ನು ಕಣ್ಣು ಮುಚ್ಚಿ ನುಂಗುತ್ತೇವೆ. ಮುಂದಿನ ಸಲ ಯಾರಾದರೂ ‘ದಿನಾ ತಿರುವ್ರಿ’ ಅಂದರೆ, ‘ಯಾಕ್ರಿ?’ ಅಂತ ಒಮ್ಮೆ ಕೇಳಿ ನೋಡಿ.