ನಮಗೂ ಒಂದು ಕಾಯಂ ವಿಳಾಸ

ದೇವದುರ್ಗ ತಾಲ್ಲೂಕಿನ ತಾಂಡಾದಲ್ಲಿ ಹುಟ್ಟಿದ ನಾನು ಬೆಳೆದದ್ದು ಬೆಂಗಳೂರಿನ ತಗಡಿನ ಶೆಡ್‌ಗಳಲ್ಲಿ. ಗುಳೆ ಹೋದ ಅಪ್ಪ–ಅವ್ವ ಕಟ್ಟುತ್ತಿದ್ದ ಕಟ್ಟಡ ಮುಗಿದರೆ ನಮ್ಮ ಶೆಡ್ಡೂ ಕಿತ್ತುಹೋಗುತ್ತಿತ್ತು. ಊರಿನ ಗುಡಿಸಲಿಗೆ ದಾಖಲೆಯೇ ಇರಲಿಲ್ಲ.

2017ರ ಭೂ ಸುಧಾರಣಾ ತಿದ್ದುಪಡಿಯು ದಾಖಲೆಯಿಲ್ಲದ ತಾಂಡಾ, ಹಟ್ಟಿಗಳಲ್ಲಿ ವಾಸಿಸುವವರಿಗೇ ಮನೆ ಜಾಗದ ಹಕ್ಕು ಕೊಟ್ಟಿತು. ಸರ್ವೆಗೆ ಬಂದಾಗ ನಾವು ಗುಳೆಯಲ್ಲಿದ್ದೆವು. ತಾಂಡಾದ ನಾಯಕರು, ನೆರೆಯವರು ಮುಂದೆ ನಿಂತು, ‘ಈ ಜಾಗ ಇವರದೇ’ ಎಂದು ಬರೆಸಿದರು. 2023ರ ಜನವರಿಯಲ್ಲಿ ರಾಯಚೂರು ಸೇರಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು. ಅದರಲ್ಲಿ ನಮ್ಮದೂ ಒಂದು.

ಈಗ ರಾಯಚೂರಿನಲ್ಲಿ ಓದುತ್ತಾ ನೌಕರಿಗೆ ಅರ್ಜಿ ಹಾಕುತ್ತಿದ್ದೇನೆ. ‘ಕಾಯಂ ವಿಳಾಸ’ ಎಂಬಲ್ಲಿ ಪೆನ್ನು ನಿಲ್ಲುವುದಿಲ್ಲ. ಮಾನ್ವಿ, ದೇವದುರ್ಗದ ಗೆಳೆಯರೇ, ಗುಳೆ ಹೋದವರ ಕಾಗದಪತ್ರಕ್ಕೆ ಊರಲ್ಲೊಬ್ಬರು ಬೇಕು. ರಜೆಗೆ ಹೋದಾಗ ಅಂಥದ್ದೊಂದು ಅರ್ಜಿ ತುಂಬಿಕೊಡಿ.