ಔಷಧಿಗೆ ಬಗ್ಗದ ಮೂರ್ಛೆರೋಗ: ಮಕ್ಕಳಿಗೊಂದು ಪಥ್ಯ

ಸಂತ ಮಾರ್ಕನ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ತಂದೆಯೊಬ್ಬನು ತನ್ನ ಮಗನನ್ನು ಪ್ರಭು ಯೇಸುವಿನ ಬಳಿಗೆ ಕರೆತರುತ್ತಾನೆ. ಹಲ್ಲು ಕಡಿಯುತ್ತಾ, ನೊರೆ ಕಾರುತ್ತಾ, ಬೆಂಕಿ ನೀರೆನ್ನದೆ ಬೀಳುತ್ತಿದ್ದ ಹುಡುಗನವನು. ಆ ಪ್ರಸಂಗದ ಕೊನೆಗೆ ಹಳೆಯ ಅನೇಕ ಹಸ್ತಪ್ರತಿಗಳು ಪ್ರಾರ್ಥನೆಯ ಜೊತೆ ಉಪವಾಸವನ್ನೂ ಹೆಸರಿಸುತ್ತವೆ. ಶುಭಸಂದೇಶಕಾರನು ವೈದ್ಯಶಾಸ್ತ್ರ ಬರೆಯಲಿಲ್ಲ, ನಿಜ. ಆದರೂ ಉಪವಾಸವಿದ್ದಾಗ ಫಿಟ್ಸ್ ಕಡಿಮೆಯಾಗುವುದನ್ನು ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು.

ಆದರೆ ಮಗುವನ್ನು ಎಷ್ಟು ದಿನ ಉಪವಾಸವಿರಿಸಲಾದೀತು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ರಸೆಲ್ ವೈಲ್ಡರ್ ಒಂದು ದಾರಿ ಸೂಚಿಸಿದರು. ಅನ್ನ, ರೊಟ್ಟಿ, ಸಕ್ಕರೆಯನ್ನು ಬಹುಮಟ್ಟಿಗೆ ಬಿಟ್ಟು ಬೆಣ್ಣೆ, ಕೆನೆ, ಎಣ್ಣೆಯನ್ನೇ ಮುಖ್ಯವಾಗಿ ಕೊಟ್ಟರೆ ದೇಹವು ಉಪವಾಸದಲ್ಲಿರುವಂತೆಯೇ ಕೊಬ್ಬನ್ನು ಉರಿಸಿ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಸಕ್ಕರೆಯ ಬದಲು ಮಿದುಳು ಅವನ್ನು ಬಳಸಿಕೊಳ್ಳುತ್ತದೆ. ಇದೇ ಕೀಟೋಜೆನಿಕ್ ಪಥ್ಯ. 1938ರಲ್ಲಿ ಫೆನಿಟಾಯಿನ್ ಔಷಧಿ ಬಂದ ಮೇಲೆ ಇದು ಮೂಲೆ ಸೇರಿತು. 1990ರ ದಶಕದಲ್ಲಿ ಚಿತ್ರ ನಿರ್ದೇಶಕ ಜಿಮ್ ಅಬ್ರಹಾಮ್ಸ್ ಅವರ ಪುಟ್ಟ ಮಗ ಚಾರ್ಲಿಗೆ ಔಷಧಿಗಳೆಲ್ಲ ಸೋತ ಮೇಲೆ ಈ ಪಥ್ಯದಿಂದ ಫಿಟ್ಸ್ ನಿಂತಾಗ ಲೋಕ ಮತ್ತೆ ಇದರತ್ತ ತಿರುಗಿತು.

ತಕ್ಕ ಎರಡು ಔಷಧಿಗಳನ್ನು ಸರಿಯಾಗಿ ಕೊಟ್ಟರೂ ಫಿಟ್ಸ್ ನಿಲ್ಲದ ಮಕ್ಕಳಿಗೆ ಇದು. ಮೂರ್ಛೆರೋಗಿಗಳಲ್ಲಿ ಸುಮಾರು ಮೂವರಲ್ಲೊಬ್ಬರು ಇಂಥವರು. ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೂರು ತಿಂಗಳ ಪಥ್ಯದ ನಂತರ ಶೇ. 38ರಷ್ಟು ಮಕ್ಕಳ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಪಥ್ಯವಿಲ್ಲದವರಲ್ಲಿ ಶೇ. 6 ಮಾತ್ರ. ಪವಾಡವಲ್ಲ, ಆದರೆ ದಿನಕ್ಕೆ ಇಪ್ಪತ್ತು ಸಲ ಬೀಳುವ ಮಗುವಿನ ತಾಯಿಗೆ ಅರ್ಧವೆಂದರೇನೆಂದು ಕೇಳಿ ನೋಡಿ!

ಇದನ್ನು ಮನೆಯಲ್ಲೇ ಸ್ವಂತವಾಗಿ ಆರಂಭಿಸಲೇಬಾರದು. ಕೊಬ್ಬನ್ನು ಅರಗಿಸಲಾಗದ ಕೆಲವು ಹುಟ್ಟುರೋಗಗಳಿದ್ದರೆ ಪ್ರಾಣಕ್ಕೇ ಅಪಾಯ. ಮೊದಲು ರಕ್ತ, ಮೂತ್ರದ ಪರೀಕ್ಷೆ ಆಗಬೇಕು. ಮಲಬದ್ಧತೆ, ಮೂತ್ರಪಿಂಡದ ಕಲ್ಲು, ಬೆಳವಣಿಗೆ ಕುಂಠಿತವಾಗುವುದು ಉಂಟು. ವಿಟಮಿನ್, ಕ್ಯಾಲ್ಸಿಯಂ ಬೇರೆಯಾಗಿ ಕೊಡಬೇಕು. ವೈದ್ಯರು ಹೇಳುವವರೆಗೆ ಮಾತ್ರೆ ನಿಲ್ಲಿಸಬಾರದು. ಕಟ್ಟುನಿಟ್ಟಿನ ಪಥ್ಯದಲ್ಲಿ ನಾಲ್ಕು ಗ್ರಾಂ ಜಿಡ್ಡಿಗೆ ಪ್ರೋಟೀನು, ಪಿಷ್ಟ ಎರಡೂ ಸೇರಿ ಒಂದೇ ಗ್ರಾಂ. ಪ್ರತಿ ತುತ್ತನ್ನೂ ತಕ್ಕಡಿಯಲ್ಲಿ ತೂಗಬೇಕು. ತುಸು ಸಡಿಲವಾದ, ಅಟ್ಕಿನ್ಸ್ ಮಾದರಿಯ ಪಥ್ಯವೂ ಇದೆ. ದೆಹಲಿಯ ವೈದ್ಯರು 102 ಮಕ್ಕಳಲ್ಲಿ ಪರೀಕ್ಷಿಸಿ 2013ರಲ್ಲಿ ಒಳ್ಳೆಯ ಫಲ ವರದಿ ಮಾಡಿದರು. ಮೊಟ್ಟೆ, ಪನೀರ್, ಕೊಬ್ಬರಿ ಎಣ್ಣೆ ನಮ್ಮ ಅಡುಗೆಮನೆಗೇನೂ ಹೊಸದಲ್ಲವಲ್ಲ. ಫಲ ಕಂಡರೆ ಸಾಮಾನ್ಯವಾಗಿ ಎರಡು ವರ್ಷ ಮುಂದುವರಿಸಿ ನಿಧಾನವಾಗಿ ಬಿಡಿಸುತ್ತಾರೆ.

ಕಷ್ಟ ಬರುವುದು ಹಬ್ಬದಲ್ಲಿ. ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆ ಮುಂದಿರುವಾಗ ಅಜ್ಜಿಯ ಕರುಳು ಕೇಳೀತೇ? "ಒಂದೇ ಒಂದು, ಪಾಪ" ಎಂದು ಸೆರಗಿನ ಮರೆಯಲ್ಲಿ ಕೊಟ್ಟ ಸಿಹಿಯಿಂದ ಕೀಟೋನ್ ಇಳಿದು ಫಿಟ್ಸ್ ಮರಳಬಹುದು. ಸಕ್ಕರೆ ಬೆರೆತ ಕೆಮ್ಮಿನ ಸಿರಪ್ಪಿಗೂ ಇದೇ ಮಾತು. ಪರಮಪ್ರಸಾದ ಸ್ವೀಕರಿಸುವ ವಯಸ್ಸಿನ ಮಕ್ಕಳಿದ್ದರೆ ಆಹಾರತಜ್ಞರಿಗೆ ಮೊದಲೇ ತಿಳಿಸಿ, ಅವರು ಅದನ್ನೂ ದಿನದ ಲೆಕ್ಕಕ್ಕೆ ಸೇರಿಸುತ್ತಾರೆ. ಗುರುಗಳಿಗೆ ಹೇಳಿದರೆ ಚಿಕ್ಕ ತುಣುಕನ್ನೇ ಕೊಟ್ಟಾರು.