ಹೆಬ್ಬೆರಳ ಬುಡದ ನೋವಿಗೆ ಪಿಆರ್‌ಪಿ ಸೂಜಿ: ರೊಕ್ಕ ಕಟ್ಟೋ ಮೊದಲು ಇಷ್ಟು ತಿಳ್ಕೊಳ್ಳಿ

ಕಬ್ಬಿನ ಕಟಾವು ಮುಗಿಯುವ ಹೊತ್ತಿಗೆ ನಮ್ಮ ತಿಮ್ಮಾಪುರದ ಕಡೆ ಹೆಬ್ಬೆರಳ ಬುಡ ತಿಕ್ಕಿಕೊಳ್ಳುತ್ತ ಕೂತವರು ಓಣಿಗೊಬ್ಬರಾದರೂ ಸಿಗ್ತಾರೆ. ರವದಿ ಸುಲಿಯೋದು, ಕುಡಗೋಲು ಹಿಡಿಯೋದು, ಎರಡೂ ಹೊತ್ತು ಎಮ್ಮೆ ಹಿಂಡೋದು, ಎಲ್ಲದಕ್ಕೂ ಅದೇ ಕೀಲು ಬೇಕು. ಹೆಬ್ಬೆರಳ ತುದಿಯಲ್ಲಿ ಒಂದು ಕಿಲೊ ಬಲ ಹಾಕಿ ಚಿವುಟಿದರೆ ಬುಡದ ಕೀಲಿನ ಮೇಲೆ ಸುಮಾರು 12 ಕಿಲೊ ಭಾರ ಬೀಳ್ತದೆ ಅಂತ 1977ರಷ್ಟು ಹಿಂದೆಯೇ ಸಂಶೋಧಕರು ಲೆಕ್ಕ ಹಾಕಿದ್ದಾರೆ. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ, ಅಲ್ಲಿನ ಮೆತ್ತನೆ ಎಲುಬು ಸವೆಯುತ್ತದೆ. ಬಾಟಲಿ ಮುಚ್ಚಳ ತಿರುಗಿಸಲಿಕ್ಕೂ ಆಗೋದಿಲ್ಲ.

ಈಗ ಮೊಬೈಲಿನಲ್ಲಿ ಪಿಆರ್‌ಪಿ ಸೂಜಿಯ ವಿಡಿಯೊ ಬರ್ತಾವೆ. ಐವತ್ತು ದಾಟಿದ ನಮ್ಮವ್ವನಿಗೆ ಅದನ್ನೇ ಮಾಡಿಸೋಣ ಅಂತ ತಮ್ಮ ಹಟ ಹಿಡಿದಾಗ, ಹಂಗಾದ್ರ ಮೊದಲು ಓದಿ ನೋಡೋಣ ಅಂದೆ.

ಕೆಲಸ ಸರಳ. ತೋಳಿನಿಂದ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ಜೋರಾಗಿ ತಿರುಗಿಸ್ತಾರೆ. ಡೇರಿಯಲ್ಲಿ ಹಾಲಿನಿಂದ ಕೆನೆ ಬೇರೆ ಮಾಡುವ ಯಂತ್ರದ್ದೇ ತತ್ವ. ಪ್ಲೇಟ್‌ಲೆಟ್ ಹೆಚ್ಚಿರುವ ಹಳದಿ ನೀರು ಬೇರೆಯಾಗುತ್ತದೆ, ಅದನ್ನು ಕೀಲಿಗೆ ಚುಚ್ಚುತ್ತಾರೆ. ನಮ್ಮದೇ ರಕ್ತ, ಹಾಗಾಗಿ ಒಗ್ಗದಿರುವ ಭಯ ಕಡಿಮೆ. ಎರಡು ಮೂರು ದಿನ ನೋವು ಹೆಚ್ಚಾಗಬಹುದು.

ಆದರೆ ಗುಣ? ಹೆಬ್ಬೆರಳ ಮೇಲೆ ನಡೆದ ಅಧ್ಯಯನಗಳು ಸಣ್ಣವು. 33 ಜನರ ಒಂದು ಅಧ್ಯಯನದಲ್ಲಿ, ವರ್ಷದ ನಂತರ ಸ್ಟೀರಾಯ್ಡ್ ಸೂಜಿಗಿಂತ ಪಿಆರ್‌ಪಿ ಮೇಲು ಅನ್ನಿಸಿತು. ಮೂವತ್ಮೂರು ಜನ ಅಂದ್ರ ನಮ್ಮ ಒಂದು ಕಟಾವು ಗ್ಯಾಂಗಿನಷ್ಟೂ ಆಗಲಿಕ್ಕಿಲ್ಲ. ಮೊಣಕಾಲಿಗೆ ದೊಡ್ಡ ಪರೀಕ್ಷೆ ಆಗಿದೆ: 2021ರಲ್ಲಿ ಆಸ್ಟ್ರೇಲಿಯಾದವರು 288 ಜನರಲ್ಲಿ ಕೆಲವರಿಗೆ ಪಿಆರ್‌ಪಿ, ಕೆಲವರಿಗೆ ಬರೇ ಉಪ್ಪುನೀರು ಚುಚ್ಚಿದರು. ವರ್ಷದ ನಂತರ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸವೆದ ಕೀಲು ಮತ್ತೆ ಹೊಸದಾಗ್ತದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬೋದಿಲ್ಲ.

ಅಮೆರಿಕದ ಸಂಧಿವಾತ ವೈದ್ಯರ ಸಂಘ 2019ರಲ್ಲಿ ಈ ಕೀಲಿಗೆ ಗಟ್ಟಿಯಾಗಿ ಹೇಳಿದ್ದು ಒಂದು ಸಾದಾ ವಸ್ತು: ಹೆಬ್ಬೆರಳಿಗೆ ಕಟ್ಟುವ ಪಟ್ಟಿ. ಮೆಡಿಕಲ್ ಅಂಗಡಿಯಲ್ಲಿ ಸಿಗ್ತದೆ. ಜತೆಗೆ ನೋವಿನ ಜೆಲ್. ಕುಡಗೋಲಿನ ಹಿಡಿಕೆಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಬಿಗಿಹಿಡಿತ ಅಷ್ಟು ಬೇಕಾಗೋದಿಲ್ಲ. ಹಿಂಡುವಾಗ ಹೆಬ್ಬೆರಳು ಮಡಚಿ ಎಳೆಯಬೇಡಿ, ಪೂರ್ತಿ ಮುಷ್ಟಿಯಲ್ಲಿ ಹಿಂಡಿ. ಎಮ್ಮೆಯ ಮೊಲೆಗೂ ಅದೇ ಒಳ್ಳೇದು ಅಂತ ಪಶುವೈದ್ಯರು ಮೊದಲಿಂದ ಹೇಳ್ತಾ ಬಂದಿದ್ದಾರೆ.

ಇದ್ಯಾವುದಕ್ಕೂ ನೋವು ಬಗ್ಗದೇ ಹೋದರೆ ಎಲುಬಿನ ಡಾಕ್ಟರ್ ಹತ್ತಿರ ಹೋಗಿ, ಎಕ್ಸ್‌ರೇ ತೆಗೆಸಿ. ನೋವೆಲ್ಲ ಸವೆತವಲ್ಲ. ಬೆರಳು ಜುಮ್ಮೆನ್ನುತ್ತಿದ್ದರೆ ಅದು ನರದ್ದಿರಬಹುದು, ಮಣಿಕಟ್ಟಿನ ಪಕ್ಕ ಹಿಡಿದರೆ ಸ್ನಾಯುರಜ್ಜಿನದ್ದು. ಪಿಆರ್‌ಪಿ ಮಾಡಿಸೋದೇ ಅಂತಾದರೆ ಎಷ್ಟು ಸೂಜಿ, ಒಟ್ಟು ಖರ್ಚೆಷ್ಟು ಅಂತ ಮೊದಲೇ ಕೇಳಿ. ರಕ್ತ ತೆಳುವಾಗುವ ಗುಳಿಗೆ, ನೋವಿನ ಗುಳಿಗೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ಹೃದಯದ ಗುಳಿಗೆಯನ್ನು ನೀವಾಗೇ ಬಿಡಬೇಡಿ.

ಅವ್ವನಿಗೆ ಸದ್ಯಕ್ಕೆ ಪಟ್ಟಿ ತಂದಿದ್ದೇವೆ. ಒಂದು ಎಮ್ಮೆ ತಮ್ಮನೇ ಹಿಂಡ್ತಾನೆ.